ಎರಡು ಭಾಷೆ ಮಗು, ತಡವಾದ ಮಾತು: ಕಥೆ ಪುಸ್ತಕ ಇಟ್ಕೊಂಡು ಮನೇಲಿ ಥೆರಪಿ ಮುಂದುವರಿಸೋದು ಹೇಗೆ

ತುಂಬ ಮನೆಗಳಿಂದ ಬರೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮನೇಲಿ ಕನ್ನಡ, ಪ್ಲೇಸ್ಕೂಲಲ್ಲಿ ಇಂಗ್ಲಿಷ್, ಕೆಲವು ಕಡೆ ಅಜ್ಜಿ ಜತೆ ತುಳುನೋ ತೆಲುಗೋ ಬೇರೆ, ಮಗು ಮಾತು ಹಿಂದೆ ಉಳಿದಿದೆ ಅಂತ ಸ್ಪೀಚ್ ಥೆರಪಿ ಶುರು ಮಾಡಿದೀವಿ, ಥೆರಪಿಸ್ಟ್ ದಿನಾ ಕಥೆ ಓದಿ ಅಂತಾರೆ, ಆದ್ರೆ ಯಾವ ಭಾಷೇಲಿ ಓದ್ಬೇಕು, ಎಷ್ಟು ಹೊತ್ತು ಓದ್ಬೇಕು, ಮಗು ಪುಸ್ತಕ ಕಿತ್ಕೊಂಡು ಓಡಿದ್ರೆ ಏನ್ಮಾಡ್ಬೇಕು? ಇದನ್ನೆಲ್ಲ ಒಂದ್ಕಡೆ ಬಿಡಿಸಿ ಬರೀತಿದೀನಿ. ಸುಮಾರು ಎರಡರಿಂದ ಏಳು ವರ್ಷದ ಮಕ್ಕಳನ್ನ ಮನಸ್ಸಲ್ಲಿ ಇಟ್ಕೊಂಡು ಬರ್ದಿರೋದು, ಥೆರಪಿಗೆ ಬದಲಿ ಅಲ್ಲ, ವಾರಕ್ಕೊಂದು ಎರಡು ಸಲ ನಡೆಯೋ ಥೆರಪಿ ಮಿಕ್ಕ ದಿನ ಮನೇಲಿ ಮುಂದುವರಿಲಿ ಅಂತ.

ಮೊದ್ಲು ಒಂದು ವಿಷ್ಯ. ಮನೆ ಭಾಷೆ ನಿಲ್ಲಿಸ್ಬೇಡಿ. ಎರಡು ಭಾಷೆ ಕೇಳ್ಕೊಂಡು ಬೆಳೆಯೋದ್ರಿಂದ ಮಾತಿನ ತೊಂದ್ರೆ ಬರಲ್ಲ. ನಿಜವಾದ ತೊಂದ್ರೆ ಇದ್ರೆ ಅದು ಎರಡೂ ಭಾಷೇಲಿ ಕಾಣತ್ತೆ, ಒಂದು ಭಾಷೆ ತೆಗೆದುಹಾಕಿದ್ರೆ ತೊಂದ್ರೆ ಹೋಗಲ್ಲ, ಭಾಷೆ ಹೋಗತ್ತೆ ಅಷ್ಟೇ. ಡೌನ್ ಸಿಂಡ್ರೋಮ್, ಆಟಿಸಂ ಇರೋ ಮಕ್ಕಳ ಬಗ್ಗೆನೂ ಅಧ್ಯಯನಗಳು ನಡೆದಿವೆ, ಅವ್ರೂ ತಮ್ಮ ಶಕ್ತಿಗೆ ತಕ್ಕ ಹಾಗೆ ಎರಡು ಭಾಷೆ ಕಲೀತಾರೆ. ಆದ್ರೂ "ಮನೇಲೂ ಬರೀ ಇಂಗ್ಲಿಷೇ ಮಾತಾಡಿ" ಅನ್ನೋ ಸಲಹೆ ಇವತ್ತಿಗೂ ಸಿಗತ್ತೆ. ಅದನ್ನ ನಂಬಿ ಅಪ್ಪ ಅಮ್ಮ ತಮಗೇ ಸರಾಗವಾಗಿ ಬರದ ಭಾಷೇಲಿ "ಕಮ್, ಸಿಟ್, ಈಟ್" ಅಂತ ಮಾತು ಮುಗಿಸ್ತಾರೆ, ಅಜ್ಜಿ ತಾತ ಬಾಯಿ ಮುಚ್ಕೊಂಡು ಕೂರ್ತಾರೆ, ಮಗು ಕಿವಿಗೆ ಬೀಳೋ ಒಟ್ಟು ಮಾತೇ ಕಮ್ಮಿ ಆಗೋಗತ್ತೆ. ಮಾತು ಜಾಸ್ತಿ ಬೇಕಾಗಿರೋ ಮಗುಗೇ ಹೀಗಾಗೋದು ನೋಡಿದ್ರೆ ಸಂಕಟ ಆಗತ್ತೆ.

ಹಾಗೇ ಪದ ಎಣಿಸೋವಾಗ ಎರಡೂ ಭಾಷೆ ಸೇರಿಸಿ ಎಣಿಸಿ. ಎರಡು ವರ್ಷಕ್ಕೆ ಸುಮಾರು 50 ಪದ, ಎರಡೆರಡು ಪದ ಜೋಡಿಸೋದು, ಇದು ಸಾಮಾನ್ಯವಾಗಿ ನೋಡೋ ಅಳತೆ. ಮಗು "ಹಾಲು, ಬಾಲ್, ನಾಯಿ, ಕಾರ್, ಬಾ, ನೋ" ಅಂದ್ರೆ ಅದು ಆರು ಪದ. ಕನ್ನಡದ್ದು ಮೂರೇ ಅಂತ ಗಾಬರಿ ಆಗೋದು ಬೇಡ.

ಶುರು ಮಾಡೋ ಮುಂಚೆ ಆಗ್ಬೇಕಾದ್ದು

ಕಿವಿ ಪರೀಕ್ಷೆ ಆಗಿದ್ಯಾ? ಟಿವಿ ಸದ್ದಿಗೆ ತಿರುಗ್ತಾನೆ, ಕರೆದ್ರೆ ಬರ್ತಾನೆ, ಕಿವಿ ಚೆನ್ನಾಗಿದೆ ಅಂತ ನಾವೇ ತೀರ್ಮಾನ ಮಾಡೋ ಹಾಗಿಲ್ಲ. ಓಎಇ ಅಂತ ಒಂದು ಪರೀಕ್ಷೆ ಇದೆ, ಕಿವಿಗೆ ಸಣ್ಣ ಸದ್ದು ಬಿಟ್ಟು ಒಳಕಿವಿ ಹೇಗೆ ಉತ್ತರ ಕೊಡತ್ತೆ ಅಂತ ನೋಡ್ತಾರೆ. ಬೆರಾ ಅನ್ನೋದು ಸದ್ದು ನರದಲ್ಲಿ ಹಾದು ಮಿದುಳಿನ ಕಡೆ ಹೇಗೆ ಹೋಗ್ತಿದೆ ಅಂತ ನೋಡೋ ಪರೀಕ್ಷೆ. ಪದೇ ಪದೇ ನೆಗಡಿ ಆಗಿ ಕಿವಿ ತಮಟೆ ಹಿಂದೆ ನೀರು ತುಂಬ್ಕೊಳ್ಳೋ ಮಕ್ಕಳಿಗೆ ಒಂದಿನ ಕೇಳ್ಸತ್ತೆ, ಒಂದಿನ ಮಬ್ಬಾಗಿ ಕೇಳ್ಸತ್ತೆ. ಇದನ್ನ ಬಿಟ್ಟು ಎಷ್ಟು ಪುಸ್ತಕ ಓದಿದ್ರೂ ಅರ್ಧ ಕೆಲ್ಸ.

ಎರಡನೇದು, ನೀವು ಹೋಗೋ ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದ್ಯಾ ಕೇಳಿ. ಆರ್‌ಸಿಐ ಅಂತಾರೆ, ಕೇಳೋಕೆ ಸಂಕೋಚ ಬೇಡ, ಇರೋರು ಖುಷಿಯಿಂದ ನಂಬರ್ ಹೇಳ್ತಾರೆ. ಇನ್ನೂ ಎಲ್ಲೂ ತೋರಿಸಿಲ್ಲ ಅಂದ್ರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾಗಿದ್ದು, ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲೆಗಳಲ್ಲಿ ಆರ್‌ಬಿಎಸ್‌ಕೆ ಅನ್ನೋ ಸರ್ಕಾರಿ ಕಾರ್ಯಕ್ರಮದ ಕೆಳಗೆ ಶೀಘ್ರ ಪತ್ತೆ ಕೇಂದ್ರಗಳಿವೆ, ಅಂಗನವಾಡಿ ಕಾರ್ಯಕರ್ತೆಯನ್ನ ಕೇಳಿದ್ರೆ ದಾರಿ ತೋರಿಸ್ತಾರೆ.

1. ಗುರಿ ಒಂದೇ ಇರ್ಲಿ

ಥೆರಪಿಸ್ಟ್ ಹತ್ರ ಹೋದಾಗ "ಈ ತಿಂಗಳು ಮನೇಲಿ ಏನು ನೋಡ್ಕೋಬೇಕು?" ಅಂತ ಒಂದೇ ವಾಕ್ಯದಲ್ಲಿ ಬರೆಸ್ಕೊಳ್ಳಿ. ಹೊಸ ಪದಗಳಾ, ಎರಡು ಪದ ಜೋಡಿಸೋದಾ, ಒಂದು ನಿರ್ದಿಷ್ಟ ಉಚ್ಚಾರಣೆನಾ, ಕಥೆ ಸರಿಯಾದ ಕ್ರಮದಲ್ಲಿ ಹೇಳೋದಾ. ಒಂದೇ ಪುಟದಲ್ಲಿ ಬಣ್ಣನೂ ಕೇಳಿ, ಲೆಕ್ಕನೂ ಮಾಡಿಸಿ, "ಳ" ಕೂಡ ತಿದ್ದಿದ್ರೆ ಮಗುಗೆ ಅದು ಕಥೆ ಅಲ್ಲ, ಪರೀಕ್ಷೆ.

2. ಪುಸ್ತಕ ಆರಿಸೋದು

ದುಬಾರಿ ಪುಸ್ತಕ ಬೇಕಿಲ್ಲ. ನೋಡ್ಬೇಕಾದ್ದು ಇಷ್ಟು: ಚಿತ್ರ ದೊಡ್ಡದಾಗಿರ್ಲಿ, ಒಂದು ಪುಟಕ್ಕೆ ಒಂದೆರಡು ವಾಕ್ಯ ಮಾತ್ರ ಇರ್ಲಿ, ಒಂದೇ ಮಾತು ಮತ್ತೆ ಮತ್ತೆ ಬರ್ಲಿ, ಕಥೇಲಿ ಬರೋ ವಸ್ತು ಮಗು ಕಂಡಿರೋದಾಗಿರ್ಲಿ. ಹಿಮದ ಮನುಷ್ಯನ ಕಥೆಗಿಂತ ಮಳೆ, ಆಟೋ, ಸಂತೆ, ದೋಸೆ ಇರೋ ಕಥೇಲಿ ನಮ್ಮ ಮಕ್ಕಳಿಗೆ ಹೇಳೋಕೆ ಜಾಸ್ತಿ ಇರತ್ತೆ. ಅಮೆರಿಕದಲ್ಲೋ ಜರ್ಮನೀಲೋ ಬೆಳೀತಿರೋ ಮಗು ಆದ್ರೆ ಹಿಮನೇ ಸರಿ.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಫ್ರೀಯಾಗಿ ಸಿಗತ್ವೆ, 2015ರಿಂದ ಇದೆ, ಒಂದರಿಂದ ನಾಲ್ಕರ ತನಕ ಓದುವ ಹಂತ ಹಾಕಿರ್ತಾರೆ, ನೀವು ಒಂದನೇ ಹಂತದಿಂದ ಶುರು ಮಾಡಿ. ಎಷ್ಟೋ ಕಥೆ ಕನ್ನಡದಲ್ಲೂ ಇಂಗ್ಲಿಷಲ್ಲೂ ಅದೇ ಚಿತ್ರಗಳ ಜತೆ ಸಿಗತ್ತೆ, ನಮ್ಮ ಕೆಲ್ಸಕ್ಕೆ ಇದೇ ದೊಡ್ಡ ಅನುಕೂಲ. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸ್ಕೊಳ್ಳಿ, ಫೋನಲ್ಲಿ ತೋರಿಸ್ಬೇಡಿ, ಫೋನ್ ಕೈಗೆ ಬಂದ್ರೆ ಮಗು ಕಣ್ಣು ಕಥೆ ಮೇಲಿರಲ್ಲ. ತೂಲಿಕಾದವ್ರದ್ದು ಕನ್ನಡ ಇಂಗ್ಲಿಷ್ ಒಟ್ಟಿಗೇ ಇರೋ ಚಿತ್ರ ಪುಸ್ತಕಗಳಿವೆ, ನ್ಯಾಷನಲ್ ಬುಕ್ ಟ್ರಸ್ಟ್‌ನವು ಕಮ್ಮಿ ಬೆಲೆಗೆ ಸಿಗತ್ವೆ, ಊರಲ್ಲಿರೋರು ಗ್ರಾಮ ಪಂಚಾಯ್ತಿ ಅರಿವು ಕೇಂದ್ರದಲ್ಲಿ ಒಂದ್ಸಲ ಕೇಳಿ ನೋಡಿ.

ಮಾತೇ ಇಲ್ಲದ, ಬರೀ ಚಿತ್ರ ಇರೋ ಪುಸ್ತಕ ಸಿಕ್ಕಿದ್ರೆ ಬಿಡ್ಬೇಡಿ. ಅದಕ್ಕೆ ಭಾಷೆನೇ ಇಲ್ಲ ಅಲ್ವಾ, ಅಜ್ಜಿ ಕೊಂಕಣೀಲಿ ಹೇಳ್ಬೋದು, ಅಪ್ಪ ಕನ್ನಡದಲ್ಲಿ, ಟೀಚರ್ ಇಂಗ್ಲಿಷಲ್ಲಿ. ಅಕ್ಷರ ಓದೋಕೆ ಬರದ ಅಜ್ಜಿನೂ ಇದ್ರಲ್ಲಿ ಒಳ್ಳೆ ಥೆರಪಿ ಮಾಡ್ತಾರೆ.

ಒಟ್ಟು ಮೂರ್ನಾಲ್ಕು ಪುಸ್ತಕ ಸಾಕು. ಒಂದೇ ಪುಸ್ತಕ ಎರಡು ಮೂರು ವಾರ ಓಡ್ಲಿ. ನಿಮಗೆ ಬೇಜಾರಾಗತ್ತೆ, ಮಗುಗೆ ಆಗಲ್ಲ, ಮುಂದೇನು ಬರತ್ತೆ ಅಂತ ಗೊತ್ತಿದ್ದಾಗಲೇ ಅದು ಬಾಯಿ ಬಿಡೋ ಧೈರ್ಯ ಮಾಡೋದು.

3. ಯಾವ ಭಾಷೇಲಿ, ಯಾರು

ಮೊದಲ ವಾರ ಇಡೀ ಮನೆ ಭಾಷೇಲಿ. ಮನೆ ಭಾಷೆ ಅಂದ್ರೆ ನೀವು ಬೈಯೋಕೆ, ಮುದ್ದು ಮಾಡೋಕೆ ಬಳಸೋ ಭಾಷೆ. ಕಥೆ ಗಟ್ಟಿ ಆದ ಮೇಲೆ ಅದೇ ಪುಸ್ತಕ ಇಂಗ್ಲಿಷಲ್ಲಿ, ಬೇರೆ ಹೊತ್ತಲ್ಲಿ, ಆಗೋದಾದ್ರೆ ಬೇರೆಯವರು ಓದ್ಲಿ. ಕಥೆ ಆಗ್ಲೇ ತಲೇಲಿ ಕೂತಿರೋದ್ರಿಂದ ಇಂಗ್ಲಿಷ್ ಪದ ಹಿಡಿಯೋದು ಮಗುಗೆ ಸಲೀಸು. ಯಾರು, ಎಲ್ಲಿ, ಏನು ಕಷ್ಟ ಬಂತು, ಏನು ಮಾಡಿದ್ರು, ಕೊನೆಗೆ ಏನಾಯ್ತು ಅನ್ನೋ ಕಥೆ ಕಟ್ಟು ಒಂದು ಭಾಷೇಲಿ ಕಲಿತ್ರೆ ಇನ್ನೊಂದಕ್ಕೂ ಬರತ್ತೆ. ಪದಗಳು ಮಾತ್ರ ಹಾಗೆ ತಾನಾಗೇ ಬರಲ್ಲ, ಅವನ್ನ ಎರಡೂ ಕಡೆ ಬೇರೆ ಬೇರೆ ಕೇಳಿಸ್ಬೇಕು.

ಇಲ್ಲಿ ತುಂಬ ಜನ ಎಡವೋದು: ಎರಡು ಭಾಷೆ ಇರೋ ಪುಸ್ತಕದಲ್ಲಿ ಒಂದು ವಾಕ್ಯ ಕನ್ನಡ, ತಕ್ಷಣ ಅದೇ ವಾಕ್ಯ ಇಂಗ್ಲಿಷ್ ಅಂತ ಓದ್ಕೊಂಡು ಹೋಗೋದು. ಹೀಗೆ ಮಾಡಿದ್ರೆ ಕಥೆ ತುಂಡು ತುಂಡಾಗತ್ತೆ, ಮಗು ತನಗೆ ಸುಲಭ ಆಗಿರೋ ಭಾಷೆ ಬರೋ ತನಕ ಕಾಯ್ತಾ ಕೂರತ್ತೆ. ಒಂದು ಸಲಕ್ಕೆ ಒಂದೇ ಭಾಷೇಲಿ ಪೂರ್ತಿ ಓದಿ.

ಮಗು ಭಾಷೆ ಬೆರೆಸಿದ್ರೆ? ಬೆರೆಸ್ಲಿ ಬಿಡಿ. "ಡೋರ್ ಓಪನ್ ಮಾಡು" ಅಂತ ನಾವೇ ಹೇಳಲ್ವಾ. ಅದು ಗೊಂದಲದ ಲಕ್ಷಣ ಅಲ್ಲ, ಎರಡು ಭಾಷೆ ಇರೋ ಎಲ್ಲರೂ ಮಾಡೋದು.

ಇನ್ನೊಂದು ಮುಖ್ಯವಾದ್ದು, ಪುಸ್ತಕದಲ್ಲಿ ಅಚ್ಚಾಗಿರೋ ಹಾಗೇ ಓದ್ಬೇಡಿ. "ನಾಯಿಯು ಮನೆಯೊಳಗೆ ಹೋಗುತ್ತದೆ" ಅಂತ ನಿಮ್ಮ ಮನೇಲಿ ಯಾರೂ ಮಾತಾಡಲ್ಲ. "ನಾಯಿ ಮನೆ ಒಳಗೆ ಹೋಗತ್ತೆ" ಅನ್ನಿ, ಧಾರವಾಡದವ್ರು "ಹೋಗ್ತೈತಿ" ಅನ್ನಿ, ಮಂಗಳೂರಿನವ್ರು "ಹೋಗ್ತದೆ" ಅನ್ನಿ. ಮಗು ಮೊದ್ಲು ಕಲೀಬೇಕಾದ್ದು ಸುತ್ತ ಇರೋರ ಮಾತು, ಪುಸ್ತಕದ ಕನ್ನಡ ಅಕ್ಷರ ಕಲಿಯೋ ಹೊತ್ತಿಗೆ ಬರ್ಲಿ.

4. ಮೊದಲ ಒಂದೆರಡು ಓದಲ್ಲಿ ಏನೂ ಕೇಳ್ಬೇಡಿ

ಮಗುನ ತೊಡೆ ಮೇಲೆ ಕೂರಿಸ್ಕೊಳ್ಳೋದು ಮುದ್ದಾಗಿರತ್ತೆ, ಆದ್ರೆ ಅದಕ್ಕೆ ನಿಮ್ಮ ಬಾಯಿ ಕಾಣಲ್ಲ. ಆಗೋದಾದ್ರೆ ಎದುರಿಗೆ, ಅದರ ಎತ್ತರಕ್ಕೆ ಕೂತ್ಕೊಳ್ಳಿ, ಪುಸ್ತಕ ನಿಮ್ಮ ಗಲ್ಲದ ಹತ್ರ ಇರ್ಲಿ. ಐದರಿಂದ ಹತ್ತು ನಿಮಿಷ ಸಾಕು. ಟಿವಿ ಆಫ್. ನೀವು ಚಿತ್ರ ತೋರಿಸಿ, ಸದ್ದು ಮಾಡಿ, ಕಥೆ ಹೇಳಿ. ಕನ್ನಡದಲ್ಲಿ ಇದಕ್ಕೆ ಸಾಮಾನು ಬೇಕಾದಷ್ಟಿದೆ, ಮಳೆ ಪಟಪಟ, ಗಾಡಿ ದಡದಡ, ಗುಡುಗು ಗುಡುಗುಡು, ನೀರು ಬುಳುಬುಳು. ಇನ್ನೂ ಪದ ಬರದ ಮಕ್ಕಳು ಎಷ್ಟೋ ಸಲ ಮೊದ್ಲು ಹೇಳೋದು ಇಂಥದ್ದನ್ನೇ.

ಮಗು ಪುಟ ಹಾರಿಸಿ ಬಸ್ಸಿನ ಚಿತ್ರಕ್ಕೇ ಹೋಗತ್ತಾ? ಹೋಗ್ಲಿ. ಅವತ್ತಿನ ಕಥೆ ಬಸ್ಸಿಂದೇ. ಓಡಿ ಹೋದ್ರೆ ಹಿಡಿದು ಕೂರಿಸ್ಬೇಡಿ, ನೀವು ಓದ್ತಾ ಇರಿ, ವಾಪಸ್ ಬಂದಾಗ ಆ ಪುಟದಿಂದ ಮುಂದುವರಿಸಿ.

5. ಮಾತಿಗೆ ಜಾಗ ಬಿಡೋದು

ಇಡೀ ಕೆಲ್ಸದ ಜೀವಾಳ ಇದೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಡಯಲಾಜಿಕ್ ರೀಡಿಂಗ್ ಅಂತ ಒಂದು ವಿಧಾನ ಇದೆ, ಅಂದ್ರೆ ಓದಿ ಹೇಳೋ ಬದಲು ಪುಸ್ತಕ ಮಧ್ಯೆ ಇಟ್ಕೊಂಡು ಮಾತಾಡೋದು. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜತೆಗಾರರು 1988ರಲ್ಲಿ ಇದರ ಬಗ್ಗೆ ಬರೆದ್ರು. ಅದರಲ್ಲಿ ನಾಲ್ಕು ಹೆಜ್ಜೆ: ಮಗುನ ಮಾತಿಗೆ ಎಳೀರಿ, ಹೇಳಿದ್ದಕ್ಕೆ ಹೌದು ಅನ್ನಿ, ಅದನ್ನ ಸ್ವಲ್ಪ ಬೆಳೆಸಿ, ಮತ್ತೆ ಹೇಳೋಕೆ ಅವಕಾಶ ಕೊಡಿ.

ಮಗು "ನಾಯಿ ಓಡು" ಅಂತು ಅಂದ್ಕೊಳ್ಳಿ. "ಓಡು ಅಲ್ಲ, ಓಡ್ತಿದೆ ಅನ್ನು" ಅನ್ಬೇಡಿ. "ಹೌದು, ನಾಯಿ ಓಡ್ತಾ ಇದೆ! ಜೋರಾಗಿ ಓಡ್ತಾ ಇದೆ" ಅನ್ನಿ. ಮಗು ಹೇಳಿದ್ದಕ್ಕಿಂತ ಒಂದೆರಡು ಪದ ಮಾತ್ರ ಜಾಸ್ತಿ. ಒಂದು ಪದ ಹೇಳೋ ಮಗುಗೆ ಹತ್ತು ಪದದ ವಾಕ್ಯ ವಾಪಸ್ ಕೊಟ್ರೆ ಅದು ಹಿಡ್ಕೊಳ್ಳೋಕೆ ಆಗಲ್ಲ.

ಕೇಳಿದ ಮೇಲೆ ಕಾಯಿರಿ. ಮನಸ್ಸಲ್ಲೇ ಐದರ ತನಕ ಎಣಿಸಿ, ಕೆಲವು ಮಕ್ಕಳಿಗೆ ಹತ್ತು ಬೇಕು. ಆ ಮೌನ ತುಂಬ ಉದ್ದ ಅನ್ಸತ್ತೆ, ನಾವು ದೊಡ್ಡೋರು ಎರಡು ಸೆಕೆಂಡಲ್ಲೇ ಉತ್ತರ ನಾವೇ ಹೇಳ್ಬಿಡ್ತೀವಿ. ಎರಡು ಭಾಷೆ ಮಗು ಪದ ಹುಡುಕೋಕೆ ಸ್ವಲ್ಪ ಹೊತ್ತು ತಗೊಳ್ಬೋದು, ತಗೊಳ್ಲಿ.

ಒಂದು ಉದಾಹರಣೆ ನೋಡೋಣ. ಕಾಗಕ್ಕ ಗುಬ್ಬಕ್ಕನ ಕಥೆ ಎಲ್ಲರಿಗೂ ಗೊತ್ತು. ಮಳೆ ಬಂದು ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗತ್ತೆ, ಗುಬ್ಬಕ್ಕನ ಮನೆ ಬಾಗ್ಲಿಗೆ ಬಂದು "ಗುಬ್ಬಕ್ಕ ಗುಬ್ಬಕ್ಕ, ಬಾಗ್ಲು ತೆಗಿ" ಅನ್ನತ್ತೆ, ಗುಬ್ಬಕ್ಕ "ತಾಳಕ್ಕ, ಮಗೂಗೆ ಸ್ನಾನ ಮಾಡಿಸ್ತಿದೀನಿ" ಅನ್ನತ್ತೆ, ಮತ್ತೆ ಬಾಗ್ಲು ತಟ್ಟಿದ್ರೆ "ತಾಳಕ್ಕ, ಮಗೂಗೆ ಊಟ ಮಾಡಿಸ್ತಿದೀನಿ". ಮಕ್ಕಳ ಮಾತಿಗೆ ಇದಕ್ಕಿಂತ ಒಳ್ಳೆ ಕಥೆ ನನಗಂತೂ ಗೊತ್ತಿಲ್ಲ. ಮಾತೇ ಬರದ ಮಗು ನೆಲದ ಮೇಲೆ ಟಕ್ ಟಕ್ ಅಂತ ಬಡೀಲಿ, ಅದೇ ಅದರ ಸರದಿ. ಒಂದು ಪದದ ಮಗುಗೆ "ಬಾಗ್ಲು..." ಅಂತ ನಿಲ್ಲಿಸಿ ಮುಖ ನೋಡಿ, "ತೆಗಿ" ಅಂತ ಅದು ತುಂಬತ್ತೆ. ಎರಡು ಪದಕ್ಕೆ ಬಂದಿರೋ ಮಗು ಪೂರ್ತಿ "ಬಾಗ್ಲು ತೆಗಿ" ಅನ್ಲಿ. ಇನ್ನೂ ಮುಂದಿರೋ ಮಗುನ ಗುಬ್ಬಕ್ಕ ಮಾಡಿ, "ಮಗೂಗೆ ಏನು ಮಾಡಿಸ್ತಿದೀಯ?" ಅಂತ ಕೇಳಿ, ಎಣ್ಣೆ ಹಚ್ತಿದೀನಿ, ತಲೆ ಬಾಚ್ತಿದೀನಿ, ಬಟ್ಟೆ ಹಾಕ್ತಿದೀನಿ ಅಂತ ಅದರ ಬೆಳಗಿನ ದಿನಚರಿನೇ ಕಥೆ ಒಳಗೆ ಬರತ್ತೆ. ಕಥೆ ಒಂದೇ, ಗುರಿ ಮಾತ್ರ ಮಗುಗೆ ತಕ್ಕ ಹಾಗೆ ಬೇರೆ.

ಬೆರಳು ತೋರಿಸೋದು, ತಲೆ ಆಡಿಸೋದು, ಸನ್ನೆ, ಚಿತ್ರದ ಕಾರ್ಡ್, ಚಿತ್ರ ಒತ್ತಿದ್ರೆ ಮಗು ಪರವಾಗಿ ಮಾತಾಡೋ ಆ್ಯಪ್, ಎಲ್ಲವೂ ಉತ್ತರನೇ. "ಬಾಯಲ್ಲಿ ಹೇಳಿದ್ರೆ ಮಾತ್ರ ಪುಟ ತಿರುಗಿಸ್ತೀನಿ" ಅನ್ನೋ ಪಟ್ಟು ಬೇಡ. ಮಗು ತೊದಲ್ತಾ ಇದ್ರೆ ಅದರ ಪದ ನೀವು ಪೂರ್ತಿ ಮಾಡ್ಬೇಡಿ, "ನಿಧಾನ, ಉಸಿರು ತಗೋ" ಅಂತಲೂ ಅನ್ಬೇಡಿ, ನೀವೇ ನಿಧಾನವಾಗಿ ಓದಿ, ಮುಗಿಸೋ ತನಕ ಕೇಳಿ.

6. ಎರಡು ಭಾಷೆ ಎಲ್ಲಿ ಬೇರೆ ಆಗತ್ತೆ ಅಂತ ತಿಳ್ಕೊಂಡಿರಿ

ಇಂಗ್ಲಿಷಲ್ಲಿ ಇನ್, ಟು, ಫ್ರಮ್ ಅಂತ ಬೇರೆ ಪದ ಇರೋ ಕಡೆ ಕನ್ನಡದಲ್ಲಿ ಪದದ ಬಾಲಕ್ಕೆ ಅಂಟತ್ತೆ, ಮನೇಲಿ, ಮನೇಗೆ, ಮನೆಯಿಂದ. ಇಂಗ್ಲಿಷಲ್ಲಿ ಕ್ರಿಯಾಪದ ಮಧ್ಯೆ, ನಮ್ಮಲ್ಲಿ ಕೊನೇಲಿ. ಬಂದ, ಬಂದ್ಳು, ಬಂತು ಅಂತ ಯಾರು ಅನ್ನೋದ್ರ ಮೇಲೆ ಕನ್ನಡದ ಕ್ರಿಯಾಪದ ಬದಲಾಗತ್ತೆ, ಇಂಗ್ಲಿಷಲ್ಲಿ ಎಲ್ಲಕ್ಕೂ "ಕೇಮ್". ಹಾಗಾಗಿ ಒಂದೇ ಪುಸ್ತಕ ಆದ್ರೂ ಕನ್ನಡ ಓದಲ್ಲಿ "ಬೆಕ್ಕು ಎಲ್ಲಿದೆ? ಮಂಚದ ಕೆಳಗೆ! ಎಲ್ಲಿಗೆ ಹೋಯ್ತು? ಅಡುಗೆಮನೆಗೆ!" ಅಂತ ಆ ಬಾಲಗಳನ್ನ ಒತ್ತಿ ಹೇಳಿ, ಇಂಗ್ಲಿಷ್ ಓದಲ್ಲಿ ಅಲ್ಲಿನ ಸಣ್ಣ ಪದಗಳನ್ನ.

ಕಥೆ ಜೋಡಿಸೋ ರೀತಿನೂ ಬೇರೆ. ಇಂಗ್ಲಿಷ್ ಮಗು "ಅಂಡ್ ದೆನ್, ಅಂಡ್ ದೆನ್" ಅಂತ ಪೋಣಿಸತ್ತೆ, ಕನ್ನಡದಲ್ಲಿ "ಎದ್ದು, ಓಡಿಹೋಗಿ, ಹಣ್ಣು ಕಿತ್ಕೊಂಡು ಬಂತು" ಅಂತ ಒಂದೇ ವಾಕ್ಯದಲ್ಲಿ ಸರಪಳಿ. ನಾಲ್ಕೈದು ವರ್ಷದ ಮಗು ಜತೆ ಈ ಸರಪಳಿ ಬೇಕಂತಲೇ ಬಳಸಿ. ಮಕ್ಕಳ ಮಾತು ಅಳೆಯೋಕೆ ಇಂಗ್ಲಿಷಿಗೆ ಮಾಡಿರೋ ಚೆಕ್‌ಲಿಸ್ಟಲ್ಲಿ ಇದು ಸಿಗಲ್ಲ, ಕನ್ನಡದ ಮಗುಗೆ ಮಾತ್ರ ಇದು ತುಂಬ ಬೇಕು.

ಉಚ್ಚಾರಣೆ ವಿಷ್ಯದಲ್ಲಿ ಆತುರ ಬೇಡ. ರ, ಳ, ಣ ಇಂಥವು ನಿಧಾನಕ್ಕೆ ಕೂರತ್ವೆ. ಮನೇಲಿ ಎಲ್ಲರೂ "ಆಲು" ಅಂತಿದ್ರೆ ಮಗು "ಹಾಲು" ಅನ್ನದೇ ಇರೋದು ದೋಷ ಅಲ್ಲ, ಅದು ಮನೆ ಮಾತು. ಸ್ಕೂಲಿಗೆ "ಇಸ್ಕೂಲ್" ಅನ್ನೋದೂ ಹಾಗೇ. ಥೆರಪಿಸ್ಟ್ ಒಂದು ಅಕ್ಷರ ಕೊಟ್ಟಿದ್ರೆ ಆ ಅಕ್ಷರ ಜಾಸ್ತಿ ಬರೋ ಕಥೆ ಹುಡುಕಿ, ನೀವು ಸ್ಪಷ್ಟವಾಗಿ ಹೇಳಿ, ಅಷ್ಟೇ. ಪ್ರತಿ ಸಲ ತಿದ್ದಿದ್ರೆ ಮಗು ಆ ಪದನೇ ಬಿಟ್ಬಿಡತ್ತೆ.

7. ಪುಸ್ತಕ ಮುಚ್ಚಿದ ಮೇಲೆ

ಎರಡನೇ ಮೂರನೇ ವಾರ ಮಗುಗೆ ಕಥೆ ಹೇಳೋ ಕೆಲ್ಸ ಕೊಡಿ. ಚಮಚ ಕಾಗಕ್ಕ, ಲೋಟ ಗುಬ್ಬಕ್ಕ, ರಟ್ಟಿನ ಡಬ್ಬ ಮನೆ. ಊರಲ್ಲಿರೋ ಅಜ್ಜಿಗೆ ವಿಡಿಯೋ ಕಾಲಲ್ಲಿ ಹೇಳ್ಲಿ, ಅಜ್ಜಿಗೆ ನಿಜವಾಗ್ಲೂ ಗೊತ್ತಿಲ್ಲದ ಕಥೆ ಆದ್ರೆ ಇನ್ನೂ ಒಳ್ಳೇದು, ಗೊತ್ತಿರೋದನ್ನೇ ಕೇಳಿದ್ರೆ ಮಕ್ಕಳಿಗೆ ಹೇಳೋ ಉಮೇದು ಇರಲ್ಲ. ಆಮೇಲೆ ನಿಮ್ಮದೇ ಪುಸ್ತಕ ಮಾಡಿ, ಮಾರ್ಕೆಟಿಗೆ ಹೋದಾಗಿನ ಐದಾರು ಫೋಟೋ ಪ್ರಿಂಟ್ ಮಾಡಿ ಪಿನ್ ಹೊಡೆದ್ರೆ ಮುಗೀತು, ಕೆಳಗೆ ಮಗು ಹೇಳಿದ ಮಾತನ್ನೇ ಬರೀರಿ. ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಅಂಗಡಿ ಅಂಕಲ್ ತಮಿಳು, ಪಕ್ಕದ್ಮನೆ ಉರ್ದು, ಆ ಮಾತುಗಳೂ ಅದರಲ್ಲಿ ಬರ್ಲಿ.

8. ಸ್ಕೂಲಿಗೆ ತಲುಪಿಸೋದು

ಇದು ಚಿಕ್ಕ ಕೆಲ್ಸ, ಆದ್ರೆ ಯಾರೂ ಮಾಡಲ್ಲ. ಮನೇಲಿ ಕನ್ನಡದಲ್ಲಿ ಗಟ್ಟಿ ಆದ ಕಥೆಯ ಇಂಗ್ಲಿಷ್ ಪ್ರತಿ ಟೀಚರ್‌ಗೆ ಕೊಟ್ಟು, ಕ್ಲಾಸಲ್ಲಿ ಒಂದ್ಸಲ ಓದಿ ಅಂತ ಕೇಳಿ. ಕ್ಲಾಸಲ್ಲಿ ಸುಮ್ನೆ ಕೂರೋ ಮಗುಗೆ ಅವತ್ತು ಕಥೆ ಮುಂಚೆನೇ ಗೊತ್ತಿರತ್ತೆ, ಕೈ ಎತ್ತೋಕೆ ಒಂದು ಕಾರಣ ಸಿಗತ್ತೆ. ಹಾಗೇ ಕ್ಲಾಸಲ್ಲಿ ಮುಂದಿನ ವಾರ ಓದೋ ಕಥೆ ಯಾವುದು ಅಂತ ಕೇಳ್ಕೊಂಡು ಮನೇಲಿ ಮೊದ್ಲೇ ಕನ್ನಡದಲ್ಲಿ ಹೇಳಿ ಕಳಿಸಿ.

ಕಾಯ್ಬಾರದ ಸಂದರ್ಭಗಳು

ಒಂದು ವರ್ಷ ಆದ್ರೂ ಬೆರಳು ಮಾಡಿ ತೋರಿಸಲ್ಲ, ಹೆಸರು ಕರೆದ್ರೆ ತಿರುಗಲ್ಲ, ಎರಡು ವರ್ಷಕ್ಕೂ ಯಾವ ಭಾಷೇಲೂ ಎರಡು ಪದ ಜೋಡಿಸಲ್ಲ, ಮೂರು ವರ್ಷದ ಮಗು ಹೇಳೋದು ಮನೆಯವರಿಗೇ ಅರ್ಥ ಆಗ್ತಿಲ್ಲ, ಇಂಥದ್ದಿದ್ರೆ "ನಮ್ಮ ಮಾವನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು" ಅಂತ ಸುಮ್ನೆ ಕೂರ್ಬೇಡಿ, "ಎರಡು ಭಾಷೆ ಅಲ್ವಾ, ತಡ ಆಗತ್ತೆ" ಅಂತಲೂ ಬಿಡ್ಬೇಡಿ. ಬಂದಿದ್ದ ಮಾತು ಕಳೆದುಹೋಗ್ತಿದ್ರೆ ಯಾವ ವಯಸ್ಸಾದ್ರೂ ತಕ್ಷಣ ತೋರಿಸಿ.

ಥೆರಪಿಸ್ಟ್ ಹತ್ರ ಏನು ತಗೊಂಡು ಹೋಗ್ಬೇಕು

ಒಂದು ಪುಟ್ಟ ನೋಟ್‌ಬುಕ್ ಇಡಿ. ಯಾವ ಪುಸ್ತಕ, ಯಾವ ಭಾಷೆ, ಯಾರು ಓದಿದ್ರು, ಮಗು ತಾನಾಗೇ ಏನಂತು, ನೀವು ಹೇಳಿಕೊಟ್ಟಿದ್ದನ್ನ ವಾಪಸ್ ಏನಂತು, ಈ ಎರಡನ್ನ ಬೇರೆ ಬೇರೆ ಬರೀರಿ, ಥೆರಪಿಸ್ಟ್‌ಗೆ ಬೇಕಾಗಿರೋದು ಮುಖ್ಯವಾಗಿ ಮೊದಲನೇದು. ವಾರಕ್ಕೊಂದ್ಸಲ ಓದೋವಾಗ ಎರಡು ನಿಮಿಷ ವಿಡಿಯೋ ಮಾಡಿ, ಕ್ಲಿನಿಕ್ಕಲ್ಲಿ ಬಾಯಿ ಬಿಡದ ಮಗು ಮನೇಲಿ ಏನೆಲ್ಲ ಹೇಳತ್ತೆ ಅನ್ನೋದು ಅದರಲ್ಲೇ ಕಾಣೋದು. ನಿಮ್ಮ ಥೆರಪಿಸ್ಟ್‌ಗೆ ಕನ್ನಡ ಬರಲ್ಲ ಅಂದ್ರೆ, ಹೊರದೇಶದಲ್ಲಂತೂ ಸಾಮಾನ್ಯವಾಗಿ ಬರಲ್ಲ, ಮಗು ಹೇಳಿದ ವಾಕ್ಯದ ಕೆಳಗೆ ಪದಕ್ಕೆ ಪದ ಅರ್ಥ ಬರೆದು, ನಿಮ್ಮ ಮನೇಲಿ ಅದನ್ನ ದೊಡ್ಡೋರು ಹೇಗೆ ಹೇಳ್ತಾರೆ ಅಂತ ಪಕ್ಕದಲ್ಲಿ ಬರೆದುಕೊಡಿ. ಮುಂದಿನ ತಿಂಗಳ ಗುರಿ ಎರಡೂ ಭಾಷೆ ನೋಡಿ ಹಾಕೋಕೆ ಅವರಿಗೆ ಅದು ಬೇಕು.